ಅಕ್ಕಿ ಅಟ್ಟಿಯ ನಡುವಿನ ಜಾಗ

ಆ ಗೋಡೌನಿನ ಚಾವಣಿಯಲ್ಲಿ ಹನ್ನೊಂದು ಕಡೆ ತಗಡಿನ ಬದಲು ಬೆಳಕು ಬಿಡುವ ಫೈಬರ್ ಶೀಟು ಹಾಕಿದ್ದರು. ಕೆಲಸ ನೋಡಲು ಹೋದ ಮೊದಲ ದಿನ ನಾನು ಎಣಿಸಿದ್ದು ಅವನ್ನು, ಅಕ್ಕಿ ಚೀಲಗಳನ್ನಲ್ಲ. ಹೊರಗೆ ಡಿಸೆಂಬರಿನ ಮಂಜು ಆಗತಾನೇ ಕರಗುತ್ತಿತ್ತು. ಒಳಗೆ ಹನ್ನೊಂದು ಬೆಳಕಿನ ಕಂಬಗಳು ಓರೆಯಾಗಿ ಇಳಿದಿದ್ದವು. ಅವುಗಳೊಳಗೆ ಅಕ್ಕಿಯ ಧೂಳು ಯಾವ ಅವಸರವೂ ಇಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ಏಲಕ್ಕಿ, ಚಹಾಪುಡಿ, ಒಣನಿಂಬೆ, ಗೋಣಿ ಎಲ್ಲ ಬೆರೆತ ವಾಸನೆ. ನಾನು ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಹಿಂದಿನಿಂದ ಟ್ರಾಲಿ ತಳ್ಳಿಕೊಂಡು ಬಂದ ಹಮಾಲಿಯೊಬ್ಬ "ಯಲ್ಲಾ, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರಿಸಿದ ಮೇಲೆ ಪಕ್ಕಕ್ಕೆ ಸರಿದೆ.

ನಾನು ಹಗಲುಗನಸಿನವನು. ಇದನ್ನು ಬೇರೆಯವರು ಹೇಳಿದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ನಾನೇ ಹೇಳಿಕೊಂಡರೆ ಪರವಾಗಿಲ್ಲ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಆಹಾರ ಪದಾರ್ಥಗಳನ್ನು ತರಿಸಿ ಸಗಟಿನಲ್ಲಿ ಮಾರುವ ಕಂಪನಿಯೊಂದರ ಕೆಲಸ ಹಿಡಿದು ಕತಾರಿಗೆ ಬಂದಿದ್ದೆ. ದೋಹಾ ಅಲ್ ಜದೀದಾ ಬಡಾವಣೆಯ ಆಫೀಸಿನಲ್ಲಿ ಕಿಟಕಿಯ ಪಕ್ಕದ ಮೇಜು ನನ್ನದು. ಬೊಂಬಾಯಿ, ಕರಾಚಿ, ಬ್ಯಾಂಕಾಕಿನ ವ್ಯಾಪಾರಿಗಳಿಗೆ ಕಾಗದ ಟೈಪು ಮಾಡುವುದು, ಟೆಲೆಕ್ಸ್ ಕಳಿಸುವುದು, ನಡುನಡುವೆ ಕಿಟಕಿಯಾಚೆ ನೋಡುವುದು. ಐದು ವರ್ಷ ಹೀಗೆ ಸುಖವಾಗಿ ಕಳೆದವು. ಆಮೇಲೆ ಆಫೀಸಿಗೆ ಕಂಪ್ಯೂಟರುಗಳು ಬಂದವು. ಪ್ರತಿಯೊಬ್ಬರೂ ತಂತಮ್ಮ ಕಾಗದವನ್ನು ತಾವೇ ಹೊಡೆದುಕೊಳ್ಳತೊಡಗಿದರು. ಇಂಗ್ಲಿಷು ತಪ್ಪು ತಪ್ಪು, ಆದರೆ ಕೆಲಸ ಬಲು ಬೇಗ. ನನ್ನ ಮೇಜು ದಿನದಿಂದ ದಿನಕ್ಕೆ ಖಾಲಿಯಾಗುತ್ತ ಹೋಯಿತು.

ನಮ್ಮ ಮ್ಯಾನೇಜರು ಮಲಯಾಳಿ, ಮೆದು ಮಾತಿನವರು. ಒಂದು ದಿನ ಕರೆದು ಕೂರಿಸಿ, ಹಾಲಿಲ್ಲದ ಸುಲೈಮಾನಿ ಚಹಾ ತರಿಸಿಕೊಟ್ಟರು. ಅವರು ಚಹಾ ಕುಡಿಸಿದರೆ ಸುದ್ದಿ ಒಳ್ಳೆಯದಲ್ಲ ಎಂದು ಆಫೀಸಿಗೆಲ್ಲ ಗೊತ್ತಿತ್ತು. ಊರಾಚೆ ಸನಯ್ಯದಲ್ಲಿ, ಅಂದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕಂಪನಿಯ ಗೋಡೌನು ಇತ್ತು. ಅಲ್ಲಿ ಹದಿನೆಂಟು ವರ್ಷ ಸ್ಟೋರ್ ಕೀಪರ್ ಆಗಿದ್ದವರು ಇನ್ನೆರಡು ವಾರಕ್ಕೆ ಕೆಲಸ ಬಿಟ್ಟು ಊರಿಗೆ ಹೊರಡುತ್ತಿದ್ದರು. ಆ ಎರಡು ವಾರ ನಾನು ಅವರ ಜೊತೆಗಿದ್ದು ನೋಡಬೇಕು. ಹೊಂದಿದರೆ ಆ ಜಾಗ ನನ್ನದು. ಹೊಂದದಿದ್ದರೆ, ಮಾರ್ಚಿನಲ್ಲಿ ವೀಸಾ ಮುಗಿದಾಗ ಕಂಪನಿ ಅದನ್ನು ಮುಂದುವರಿಸುವುದಿಲ್ಲ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ "ಖಲಾಸ್" ಎಂದು ಅರಬ್ಬಿಯಲ್ಲಿ ಮುಗಿಸಿದರು.

ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟು. ವಿಮಾನ ತಲೆಯ ಮೇಲೆ ಹಾದುಹೋಗುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅರ್ಧ ಮಾತನ್ನು ಪೂರೈಸುವುದು ನಮಗೆ ಅಭ್ಯಾಸವಾಗಿಬಿಟ್ಟಿತ್ತು. ನನ್ನ ಹೆಂಡತಿ ಎರಡು ಬೀದಿಯಾಚೆಯ ಇಂಡಿಯನ್ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರಾಗಿ ಸೇರಿ ಆರು ತಿಂಗಳಾಗಿತ್ತು. ಸಂಜೆ ಚಪಾತಿ ಲಟ್ಟಿಸುತ್ತ ಆ ಮಕ್ಕಳ ಕಥೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅವಳು ಬಂದದ್ದು ನನ್ನ ವೀಸಾದ ಮೇಲೆ. ನಾನು ಹೊರಟರೆ ಅವಳೂ ಹೊರಡಬೇಕು. ಅದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

"ಗೋಡೌನಲ್ಲಿ ಏನ್ ಕೆಲ್ಸ?" ಎಂದು ಕೇಳಿದಳು.

"ಅಕ್ಕಿ ಕಾಯೋದು."

"ನಲವತ್ತು ಕೆಜಿ ಚೀಲನ ಯಾರ್ ಎತ್ಕೊಂಡು ಓಡ್ತಾರ್ರೀ?" ಎಂದು ನಕ್ಕಳು. ನಾನು ಮುಖ ಊದಿಸಿಕೊಂಡೆ. ಊರಿನಲ್ಲಿ ನಮ್ಮ ತಂದೆ ಸಿಕ್ಕಿದವರಿಗೆಲ್ಲ ಮಗ ಎ.ಸಿ. ಆಫೀಸಿನಲ್ಲಿದ್ದಾನೆ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ನಗು ನಿಲ್ಲಿಸಿ, ಕೈಯ ಹಿಟ್ಟು ಒರೆಸಿಕೊಂಡು ಹತ್ತಿರ ಬಂದಳು. "ನೋಡಿ, ಹೂಂ ಅನ್ನಿ, ಊಹೂಂ ಅನ್ನಿ, ಅದು ನಿಮ್ಮಿಷ್ಟ. ಆದ್ರೆ ನನ್ ಸ್ಕೂಲಿಗೋಸ್ಕರ ಒಪ್ಕೊಂಡೆ ಅಂತ ಮಾತ್ರ ಮಾಡ್ಬೇಡಿ. ಆಮೇಲೆ ಸಾಯೋವರೆಗೂ ಅದನ್ನೇ ಎತ್ತಿ ಆಡ್ತೀರಿ. ನಿಮಗೆ ಒಗ್ಗತ್ತಾ ಅಂತ ನೋಡ್ಕೊಂಡು ಬನ್ನಿ."

ಹಾಗೆ ನೋಡಲು ಹೋದವನು ನಾನು.

ಸ್ಟೋರ್ ಕೀಪರ್ ಉಡುಪಿಯ ಕಡೆಯವರು, ಮನೆಮಾತು ತುಳು. ಐವತ್ತೈದು ದಾಟಿದ, ಸಣಕಲು ಮೈಯ, ತುಂಬುತೋಳಿನ ಖಾಕಿ ಅಂಗಿಯ ಮನುಷ್ಯ. ಪೇಶಾವರದ ಹಮಾಲಿಗಳಿಂದ ಹಿಡಿದು ಬಾಂಗ್ಲಾದೇಶದ ಡ್ರೈವರಿನವರೆಗೆ ಎಲ್ಲರೂ ಅವರನ್ನು "ಅಣ್ಣಾ" ಎಂದೇ ಕರೆಯುತ್ತಿದ್ದರು, ಅದು ಅವರ ಹೆಸರೇ ಎಂಬ ಹಾಗೆ. ನಾನೂ ಹಾಗೇ ಕರೆದೆ. ಅವರು ಮಾತ್ರ ನನಗೆ ಬಹುವಚನ ಬಿಡಲಿಲ್ಲ.

"ಕೆಲಸ ಎಂತ ದೊಡ್ಡದು ಇಲ್ಲ ಮಾರಾಯ್ರೆ," ಅಂದರು. "ಮೊದಲು ಬಂದದ್ದು ಮೊದಲು ಹೋಗ್ಬೇಕು. ಒದ್ದೆ ಆಗ್ಬಾರ್ದು, ಹುಳ ಆಗ್ಬಾರ್ದು. ಕಾಗದದಲ್ಲಿ ಇದ್ದಷ್ಟು ನೆಲದ ಮೇಲೆ ಇರ್ಬೇಕು. ಇಷ್ಟೇ ಉಂಟು."

ಇಷ್ಟೇ ಎಂದರೂ ಅವರು ಕೂತದ್ದನ್ನು ನಾನು ನೋಡಲಿಲ್ಲ. ತುದಿ ಚೂಪಾದ ಒಂದು ಹಿತ್ತಾಳೆಯ ಕೊಳವೆ ಅವರ ಜೇಬಿನಲ್ಲಿರುತ್ತಿತ್ತು. ನಡೆಯುತ್ತ ನಡೆಯುತ್ತಲೇ ಅದನ್ನು ಯಾವುದೋ ಚೀಲಕ್ಕೆ ಚುಚ್ಚಿ, ಅಂಗೈಗೆ ಬಿದ್ದ ಅಕ್ಕಿಯನ್ನು ಮೂಸಿ, ಎರಡು ಕಾಳು ಕಡಿದು, ಮುಂದೆ ಹೋಗುತ್ತಿದ್ದರು. ನಾನು ಅವರ ಹಿಂದೆ ಹಿಂದೆ ಅರ್ಧ ನಿದ್ದೆಯಲ್ಲಿದ್ದವನ ಹಾಗೆ ಸುತ್ತಿದೆ. ಬೆಳಕಿನ ಕಂಬಗಳು ನೆಲದ ಮೇಲೆ ಮೆಲ್ಲಗೆ ಜರುಗುತ್ತಿದ್ದವು. ಚಹಾಪೆಟ್ಟಿಗೆಗಳ ಸಾಲಿನಿಂದ ಏಲಕ್ಕಿಯ ಸಾಲಿಗೆ ಬರುವ ಹೊತ್ತಿಗೆ ಹತ್ತು ಗಂಟೆ, ಅಕ್ಕಿಯ ಮೇಲೆ ಬಿದ್ದರೆ ಮಧ್ಯಾಹ್ನ. ಮೂರು ದಿನದಲ್ಲಿ ನಾನು ಕಲಿತದ್ದು ಈ ಒಂದು ವಿಷಯ.

ಗೋಡೌನಿನ ನಟ್ಟನಡುವೆ ಬಾಸ್ಮತಿಯ ದೊಡ್ಡ ಅಟ್ಟಿ. ಒಂದು ಕಡೆಗೆ ಹನ್ನೆರಡು ಚೀಲ, ಇನ್ನೊಂದು ಕಡೆಗೆ ಎಂಟು, ಎತ್ತರಕ್ಕೆ ಹತ್ತು. ಹಮಾಲಿಗಳು ಬೂಟು ಹಾಕಿಕೊಂಡೇ ಅದರ ಮೇಲೆ ಹತ್ತಿ ಇಳಿಯುತ್ತಿದ್ದರು. ನನಗೆ ಅದನ್ನು ನೋಡಿದರೇ ಮೈ ಜುಮ್ಮೆನ್ನುತ್ತಿತ್ತು. ನಮ್ಮ ಮನೆಯಲ್ಲಿ ನೆಲಕ್ಕೆ ಬಿದ್ದ ನಾಲ್ಕು ಕಾಳಿಗೆ ಕಾಲು ತಗುಲಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಮರೆತರೆ ಅಮ್ಮ ತಲೆಗೆ ಮೊಟಕುತ್ತಿದ್ದಳು. ಇಲ್ಲಿ ಒಂದು ಊರಿಗೆ ಊಟ ಹಾಕುವಷ್ಟು ಅಕ್ಕಿಯ ಮೇಲೆ ಬೂಟುಗಾಲಿನಲ್ಲಿ ನಡೆಯುವುದು ಹೇಗೆ? ನಾನು ಹತ್ತಲೇ ಇಲ್ಲ. ಏನಾದರೂ ನೆಪ ಹೇಳಿ ಕೆಳಗೇ ಉಳಿಯುತ್ತಿದ್ದೆ.

ಐದನೆಯ ದಿನ ಅಣ್ಣ ನನ್ನ ಕೈಗೆ ಕಾಗದ ಕೊಟ್ಟು, ಇಡೀ ಗೋಡೌನನ್ನು ಒಬ್ಬನೇ ಎಣಿಸಿ ಬರೆಯಲು ಹೇಳಿದರು. ಕೆಲಸ ಒಪ್ಪಿಕೊಂಡರೆ ಆ ಪಟ್ಟಿಗೇ ನಾನು ಸಹಿ ಹಾಕಿ ಚಾರ್ಜು ತೆಗೆದುಕೊಳ್ಳಬೇಕಿತ್ತು. ನಾನು ಹುಮ್ಮಸ್ಸಿನಿಂದ ಎಣಿಸಿದೆ. ಬಾಸ್ಮತಿಗೆ ಬಂದಾಗ ಕೆಳಗೇ ನಿಂತು ಉದ್ದ, ಅಗಲ, ಎತ್ತರ ಗುಣಿಸಿ ಒಂಬೈನೂರ ಅರವತ್ತು ಎಂದು ಬರೆದೆ. ಸ್ಟಾಕು ಪುಸ್ತಕದಲ್ಲಿ ಒಂಬೈನೂರ ಇಪ್ಪತ್ತನಾಲ್ಕು ಎಂದಿತ್ತು. ಮೂವತ್ತಾರು ಚೀಲ ಹೆಚ್ಚು! ಹದಿನೆಂಟು ವರ್ಷದ ಸರ್ವಿಸಿನವರ ಕಣ್ಣಿಗೆ ಬೀಳದ ಮೂವತ್ತಾರು ಚೀಲವನ್ನು ಐದು ದಿನದವನು ಹಿಡಿದುಬಿಟ್ಟೆ ಎಂದು ಒಳಗೊಳಗೇ ಬೀಗಿದೆ. ಆ ಪಟ್ಟಿಯನ್ನು ಅಂದವಾಗಿ ಟೈಪು ಮಾಡಿ, ಹೆಚ್ಚುವರಿಯ ಕೆಳಗೆ ಗೆರೆ ಹಾಕಿ, ಅವರ ಮುಂದೆ ಇಟ್ಟೆ.

ಅಣ್ಣ ಕನ್ನಡಕ ಏರಿಸಿ ಓದಿದರು. ನನ್ನನ್ನೊಮ್ಮೆ, ನನ್ನ ಬೂಟನ್ನೊಮ್ಮೆ ನೋಡಿದರು. ಮೀಸೆಯಡಿಯಲ್ಲಿ ನಗು ತಡೆದುಕೊಂಡದ್ದು ಕಾಣಿಸಿತು.

"ಮೇಲೆ ಹತ್ತಿದ್ರಾ?"

"ಇಲ್ಲ."

"ಅಕ್ಕಿ ಅಂತವಾ?"

ನಾನು ಹೂಂ ಎಂದೆ.

"ನನ್ನ ಅಮ್ಮನೂ ಹಾಗೇ ಹೇಳ್ತಿದ್ರು. ನಾನು ಇವತ್ತಿಗೂ ಬೂಟು ತೆಗೆದೇ ಹತ್ತುದು, ಇವರೆಲ್ಲ ನೆಗಾಡ್ತಾರೆ. ಬೂಟು ತೆಗೀರಿ, ಬನ್ನಿ."

ಬರಿಗಾಲಿನಲ್ಲಿ ಅವರ ಹಿಂದೆ ಹತ್ತಿದೆ. ಮೊದಲ ಚೀಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮೇಲೆ ತಲುಪಿದಾಗ ನನ್ನ ಒಂಬೈನೂರ ಅರವತ್ತು ಎಲ್ಲಿ ಕೆಟ್ಟಿತು ಎಂದು ಕಂಡಿತು. ಅಟ್ಟಿಯ ನಡುವೆ ಚೀಲಗಳೇ ಇರಲಿಲ್ಲ. ಆಳೆತ್ತರದ ಒಂದು ಹೊಂಡ, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ. ಕೆಳಗೆ ಚಾಪೆ, ತಲೆದಿಂಬು, ಒಂದು ಟ್ರಾನ್ಸಿಸ್ಟರ್. ಸರಿಯಾಗಿ ಅದರ ಮೇಲೆಯೇ ಚಾವಣಿಯ ಫೈಬರ್ ಶೀಟು. ಅಣ್ಣ ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಕಣ್ಮರೆಯಾಗಿ ಮಲಗುತ್ತಿದ್ದದ್ದು ಇಲ್ಲಿ. ಹೊಸ ಅಟ್ಟಿ ಕಟ್ಟುವಾಗಲೆಲ್ಲ ಹಮಾಲಿಗಳು ಯಾರೂ ಹೇಳದೆಯೇ ಅಣ್ಣನ ಜಾಗ ಬಿಟ್ಟು ಕಟ್ಟುತ್ತಿದ್ದರಂತೆ.

"ಕ್ಯಾಂಪಿನಲ್ಲಿ ಒಂದು ರೂಮಿಗೆ ಎಂಟು ಜನ ಇದ್ದದ್ದು ನಾವು," ಅಂದರು. "ನಾನು ಒಬ್ಬನೇ ಅಂತ ಇದ್ದದ್ದು ಇಲ್ಲಿ ಮಾತ್ರ. ಊರಿಗೆ ಕಾಗದ ಬರೆದದ್ದು ಇಲ್ಲಿ, ಅಮ್ಮ ತೀರಿಹೋದಾಗ ಕೂಗಿ ಅತ್ತದ್ದೂ ಇಲ್ಲಿ. ನೀವು ಸ್ವಲ್ಪ ಮಲಗಿ ನೋಡಿ. ಕೆಳಗೆ ನಾನು ಇದ್ದೇನಲ್ಲ."

ಇಳಿದು ಮಲಗಿದೆ. ಸುತ್ತ ಅಕ್ಕಿಯ ಗೋಡೆ, ಮೇಲೆ ಚೌಕದ ಬೆಳಕು. ಹಳೆಯ ಬಾಸ್ಮತಿಗೆ ಒಂದು ವಾಸನೆಯಿದೆ, ಅನ್ನವಾಗುವ ಮೊದಲಿನ ವಾಸನೆ. ಅದು ಮೂಗಿನಿಂದಲ್ಲ, ಮೈಯಿಂದಲೇ ಒಳಗೆ ಹೋಗುತ್ತದೆ ಅನ್ನಿಸಿತು. ತಗಡಿನ ಮೇಲೆ ಪಾರಿವಾಳಗಳ ನಡಿಗೆ ಕೇಳುತ್ತಿತ್ತು. ಫೋರ್ಕ್‌ಲಿಫ್ಟಿನ ಸದ್ದು ಎಲ್ಲೋ ಬೇರೆ ಊರಿನಲ್ಲಿತ್ತು. ಹಮಾಲಿಗಳ ಪಶ್ತೋ ಮಾತು ಕಿವಿಯವರೆಗೆ ಬಂದು, ಪದಗಳನ್ನು ಕಳೆದುಕೊಂಡು, ಬರಿಯ ಗುನುಗಾಗಿ ಉಳಿಯುತ್ತಿತ್ತು. ನಾನು ಮೈಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೆಂಚಿನ ಮೇಲಿದ್ದೆನೋ, ದೋಹಾದಲ್ಲಿದ್ದೆನೋ, ಇನ್ನೂ ಹುಟ್ಟಿರಲೇ ಇಲ್ಲವೋ ತಿಳಿಯಲಿಲ್ಲ. ಆಫೀಸು, ವೀಸಾ, ಮಾರ್ಚ್ ತಿಂಗಳು ಎಲ್ಲ ಹಗುರಾಗಿ ಧೂಳಿನ ಜೊತೆ ಆ ಚೌಕದ ಬೆಳಕಿನೊಳಗೆ ಏರಿ ಹೋದವು. ಎಚ್ಚರವಾದಾಗ ನಾಲ್ಕು ಗಂಟೆ. ಯಾರೂ ಎಬ್ಬಿಸಿರಲಿಲ್ಲ.

ಮರುದಿನ ಶುಕ್ರವಾರ, ರಜೆ. ಸಂಜೆ ನಾವಿಬ್ಬರೂ ಕಾರ್ನಿಷ್‌ಗೆ ಹೋಗಿ ಸಮುದ್ರದ ಬದಿ ಕೂತೆವು. ಮರದ ದೋಣಿಗಳು ನಿಂತಲ್ಲೇ ತೂಗುತ್ತಿದ್ದವು. ನನ್ನ ಮನಸ್ಸು ಗಟ್ಟಿಯಾಗಿತ್ತು. "ಒಪ್ಕೋತೀನಿ ಕಣೇ," ಅಂದೆ. "ನನಗೇ ಅಂತ ಮಾಡಿಟ್ಟ ಹಾಗಿದೆ ಆ ಕೆಲಸ."

"ಹೌದಾ! ಏನೇನ್ ಮಾಡಿದ್ರಿ, ಹೇಳಿ."

ಬೆಳಕಿನ ಕಂಬಗಳ ಬಗ್ಗೆ ಹೇಳಿದೆ. ವಾಸನೆಗಳ ಬಗ್ಗೆ, ಪಾರಿವಾಳಗಳ ಬಗ್ಗೆ, ಆ ಹೊಂಡದ ಬಗ್ಗೆ ಹೇಳಿದೆ. ಅವಳು ಕಡಲೆಕಾಯಿ ಬಿಡಿಸುತ್ತ ಕೇಳಿದಳು.

"ಕೆಲಸ ಹೆಂಗಿದೆ ಅಂದ್ರೆ ಬೆಳಕು ಹೆಂಗಿದೆ ಅಂತೀರಲ್ಲ," ಅಂದಳು ಕೊನೆಗೆ. "ನಿಮಗೆ ಹಿಡಿಸಿರೋದು ನಿದ್ದೆ ಕಣ್ರೀ. ಕೆಲಸ ನೀವಿನ್ನೂ ನೋಡೇ ಇಲ್ಲ."

ನನಗೆ ರೇಗಿಹೋಯಿತು. ನಿನಗೆ ಇಲ್ಲೇ ಇರಬೇಕಲ್ಲ, ಮತ್ತೇಕೆ ಅಡ್ಡಗಾಲು ಹಾಕ್ತೀಯ ಎಂದುಬಿಟ್ಟೆ. ಅವಳು ಎದ್ದು ಸೀರೆ ಕೊಡವಿಕೊಂಡು ಟ್ಯಾಕ್ಸಿ ಸಿಗುವ ರಸ್ತೆಯ ಕಡೆ ನಡೆದಳು. ಸಿಟ್ಟು ಬಂದದ್ದು ಅವಳ ಮಾತು ಸುಳ್ಳಾಗಿದ್ದಕ್ಕಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ, ಭಾನುವಾರ ಅಣ್ಣ ತಾವೇ ಒತ್ತಾಯ ಮಾಡಿ ನನ್ನನ್ನು ಮೇಲೆ ಕಳಿಸಿದರು. ತಾವು ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೂಕಡಿಸುತ್ತ ಕೂತರು. ಈಗ ನಾನು ನನ್ನನ್ನೇ ಗಮನಿಸತೊಡಗಿದ್ದೆ. ಬೆಳಗ್ಗೆ ಏಳರಿಂದಲೇ ಕಣ್ಣು ಗಡಿಯಾರದ ಮೇಲೆ. ಕಂಟೇನರಿನಿಂದ ಸರಕು ಇಳಿಯುವಾಗ ಎಣಿಕೆ ಎರಡು ಸಲ ತಪ್ಪಿದೆ. ಹನ್ನೆರಡರ ನಂತರ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ. ಆ ಜಾಗ ಇರುವವರೆಗೂ ನನಗೆ ಈ ಕೆಲಸ ಹೊಂದುತ್ತದೋ ಇಲ್ಲವೋ ತಿಳಿಯುವ ಹಾಗೇ ಇರಲಿಲ್ಲ. ಅಣ್ಣ ಹದಿನೆಂಟು ವರ್ಷ ದುಡಿದು ದುಡಿದು ಅಲ್ಲಿ ಮಲಗುತ್ತಿದ್ದರು. ನಾನು ಅಲ್ಲಿ ಮಲಗುವುದಕ್ಕಾಗಿ ಬೆಳಗಿನಿಂದ ಅಲ್ಲಿ ಇಲ್ಲಿ ಸುಳಿಯುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಸೋಮವಾರದಿಂದ ಮೂರು ದಿನ ಅಣ್ಣನಿಗೆ ಪೇಟೆಯಲ್ಲಿ ಓಡಾಟ. ವೀಸಾ ರದ್ದು ಮಾಡಿಸುವುದು, ಟಿಕೆಟ್ಟು, ಊರಿಗೆ ಒಯ್ಯುವ ಸಾಮಾನು. ಗುರುವಾರ ಬಂದು ಬೀಗದ ಕೈ ಒಪ್ಪಿಸಿ ಹೋಗುವುದೆಂದು ಮಾತಾಗಿತ್ತು. ನಾನೂ ಅದೇ ಗುರುವಾರ ಮ್ಯಾನೇಜರಿಗೆ ಉತ್ತರ ಹೇಳಬೇಕಿತ್ತು. ಸೋಮವಾರ ಬೆಳಗ್ಗೆ ಹಮಾಲಿಗಳನ್ನು ಕರೆದು, ಪಕ್ಕದ ಸಣ್ಣ ಅಟ್ಟಿಯಿಂದ ಚೀಲ ತಂದು ನಡುವಿನ ಹೊಂಡ ತುಂಬಿಸಲು ಹೇಳಿದೆ. ಅವರು ಮುಖ ಮುಖ ನೋಡಿಕೊಂಡರು.

"ಅಣ್ಣಾ ನೇ ಬೋಲಾ?" ಅಣ್ಣನೇ ಹೇಳಿದ್ದೇ ಎಂದು ಅವರಲ್ಲಿ ಹಿರಿಯನಾದವನು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ. ಸುಳ್ಳು ಹೇಳಲು ಬಾಯಿ ಕೂಡ ತೆರೆಯಬೇಕಾಗಲಿಲ್ಲ.

ಚಾಪೆ, ದಿಂಬು, ಟ್ರಾನ್ಸಿಸ್ಟರನ್ನು ತಂದು ಕಪಾಟಿನಲ್ಲಿ ಇಟ್ಟೆ. ಅರ್ಧ ಗಂಟೆಯಲ್ಲಿ ಮೂವತ್ತಾರು ಚೀಲ ಒಳಗೆ ಹೋದವು. ಅಟ್ಟಿ ಸಪಾಟಾಯಿತು. ಹಿತ್ತಾಳೆಯ ಕೊಳವೆಯನ್ನು ಅಣ್ಣ ಮೇಜಿನ ಮೇಲೆ ಬಿಟ್ಟುಹೋಗಿದ್ದರು. ಅದನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಆ ದಿನದ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಕಣ್ಣು ಎಳೆಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. ಬೇಡ ಈ ಪಾಡು, ಮೈಸೂರಿಗೆ ಹೋಗಿ ಯಾವುದಾದರೂ ಅಂಗಡಿಯಲ್ಲಿ ಗುಮಾಸ್ತನಾಗುತ್ತೇನೆ ಎಂದುಕೊಂಡೆ. ಮಂಗಳವಾರವೂ ಹಾಗೇ ಅಂದುಕೊಂಡೆ, ಆದರೆ ಸ್ವಲ್ಪ ತಡವಾಗಿ. ಬುಧವಾರ ಹಿಂದಿನ ಗೋಡೆಯ ಮೂಲೆಯಲ್ಲಿ ಚೀಲಕ್ಕೆ ಕೊಳವೆ ಚುಚ್ಚಿದಾಗ ಅಂಗೈ ಮೇಲೆ ಬಿದ್ದ ಅಕ್ಕಿಯ ವಾಸನೆ ಬೇರೆಯಾಗಿತ್ತು, ಮುಗ್ಗಲು. ಆ ಚೀಲ ಸರಿಸಿದೆ, ಅದರ ಹಿಂದಿನದನ್ನೂ ಸರಿಸಿದೆ. ಕೆಳಗಿನ ಸಾಲಿಗೆ ಗೋಡೆಯಿಂದ ತೇವ ಹತ್ತಿತ್ತು. ಹಮಾಲಿಗಳ ಜೊತೆ ನಾನೂ ಕೈ ಹಾಕಿ ಇಡೀ ಸಾಲು ಬಿಚ್ಚಿಸಿ, ಒದ್ದೆಯಾದ ಹನ್ನೊಂದು ಚೀಲ ಬೇರೆ ಇಟ್ಟು, ಉಳಿದದ್ದನ್ನು ಹಲಗೆಯ ಮೇಲೆ ಕಟ್ಟಿಸಿದೆ. ಮುಗಿದ ಮೇಲೆ ಗಡಿಯಾರ ನೋಡಿದರೆ ಐದು ಗಂಟೆ. ಮಧ್ಯಾಹ್ನ ಎಂಬುದು ಬಂದು ಹೋದದ್ದೇ ನನಗೆ ತಿಳಿದಿರಲಿಲ್ಲ.

ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ನಾನು ತೇವದ ಕಥೆ ಶುರು ಮಾಡಿದೆ. ಯಾವ ಸಾಲು, ಎಷ್ಟು ಚೀಲ, ಗೋಡೆಗೂ ಅಟ್ಟಿಗೂ ಎಷ್ಟು ಅಂತರ ಬಿಡಬೇಕು, ಎಲ್ಲ. ವಿಮಾನವೊಂದು ಹಾದುಹೋಯಿತು, ನಾನು ಅದರ ಮೇಲೆಯೇ ಕೂಗಿಕೊಂಡು ಹೇಳುತ್ತಿದ್ದೆ. ಅವಳು ಪೂರ್ತಿ ಕೇಳಿ, ಸ್ನಾನಕ್ಕೆ ನೀರು ಕಾದಿದೆ ಹೋಗಿ ಎಂದಳು. ಶುಕ್ರವಾರದ ನಂತರ ಅವಳು ನನ್ನ ಕಡೆ ನೋಡಿ ನಕ್ಕದ್ದು ಆಗ.

ಗುರುವಾರ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ತೇವದ ಸಂಗತಿ ಕೇಳಿ, ಹಿಂದಿನ ಗೋಡೆ ನೋಡಿ ಬಂದು ನನ್ನ ಬೆನ್ನು ತಟ್ಟಿದರು. ಬೀಗದ ಕೈ, ಪುಸ್ತಕ, ಒಂದೊಂದನ್ನೇ ಒಪ್ಪಿಸಿದರು. ಹೊಂಡ ತುಂಬಿಸಿದ ಮಾತನ್ನು ಹೇಳಬೇಕೆಂದು ನಾನು ಬೆಳಗಿನಿಂದ ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ ಬೇರೆ ಏನೋ ಹೇಳಿದೆ. ಒಂದೂವರೆಗೆ ಅವರು ಬೂಟಿನ ಲೇಸು ಬಿಚ್ಚುತ್ತ, "ಇವತ್ತು ಒಂದು ದಿನ ನಾನು ಮಲಗ್ತೇನೆ ಮಾರಾಯ್ರೆ," ಎಂದು ನಕ್ಕರು. "ರಾತ್ರಿ ಫ್ಲೈಟಿನಲ್ಲಿ ನಿದ್ದೆ ಬರುದಿಲ್ಲ. ನಿಮಗೆ ಅಂತ ಮೂರು ದಿನ ಬಿಟ್ಟುಕೊಟ್ಟೆ, ಇದೊಂದು ನನಗಿರ್ಲಿ."

ಅವರು ಹತ್ತಿದರು. ನಾನು ಕೆಳಗೆ ನಿಂತೆ. ಆಮೇಲೆ ಅವರ ಬರಿಗಾಲುಗಳು ಅಂಚಿನಲ್ಲಿ ಇಳಿಬಿದ್ದವು.

"ತುಂಬಿಸಿದ್ರಾ?"

"ಹೂಂ ಅಣ್ಣ."

"ಎಂತಕ್ಕೆ?"

"ಅದಿದ್ರೆ ನಾನು ಮಲ್ಕೊಂಡೇ ಇರ್ತಿದ್ದೆ. ಕೆಲಸ ಆಗತ್ತೋ ಇಲ್ವೋ ಗೊತ್ತೇ ಆಗ್ತಿರ್ಲಿಲ್ಲ." ನಾನು ಅಟ್ಟಿಗೆ ಇನ್ನಷ್ಟು ಹತ್ತಿರ ಸರಿದೆ. "ಹುಡುಗರನ್ನ ಕರೀತೀನಿ ಅಣ್ಣ, ಅರ್ಧ ಗಂಟೇಲಿ ತೆಗೆಸ್ತೀನಿ."

"ಬೇಡ, ಬೇಡ. ಕಟ್ಟಿದ ಅಟ್ಟಿ ಬಿಚ್ಚುದು ಯಾಕೆ?" ಬೆಳಕಿಗೆ ಬೆನ್ನು ಮಾಡಿ ಕೂತಿದ್ದರಿಂದ ಅವರ ಮುಖ ಕಾಣುತ್ತಿರಲಿಲ್ಲ. "ನೀವು ಮಾಡಿದ್ದು ಸರಿಯೇ ಉಂಟು. ನೀವು ಇಲ್ಲಿ ನಿಲ್ತೀರಿ."

ಅವರು ಇಳಿದು ಬಂದು ಬೂಟು ಹಾಕಿಕೊಂಡರು. ಮೂರರವರೆಗೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬಿಳಿ ಅಂಗಿ ಮುದುರದ ಹಾಗೆ ನೆಟ್ಟಗೆ ಕೂತಿದ್ದರು. ಹಮಾಲಿಗಳು ಬಂದು ಒಬ್ಬೊಬ್ಬರಾಗಿ ಅಪ್ಪಿಕೊಂಡರು. ಹಿರಿಯನಾದವನು ಅಟ್ಟಿಯ ಕಡೆ ನೋಡಿ, ಅಣ್ಣನ ಮುಖ ನೋಡಿ, ಆಮೇಲೆ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಿದೆ.

ಸಂಜೆ ಮ್ಯಾನೇಜರಿಗೆ ಫೋನು ಮಾಡಿ ಒಪ್ಪಿಗೆ ಹೇಳಿದೆ. ಹೆಂಡತಿಯ ಒಂದನೇ ಕ್ಲಾಸು ಉಳಿಯಿತು. ಹನ್ನೊಂದು ವರ್ಷ ಆ ಕೆಲಸ ಮಾಡಿದೆ, ನನಗದು ಹೊಂದಿತೋ ಇಲ್ಲವೋ ಎಂಬ ಅನುಮಾನ ಮತ್ತೆ ಒಂದು ದಿನವೂ ಬರಲಿಲ್ಲ. ಈ ಉತ್ತರ ತಿಳಿಯಲು ನನಗೆ ಬೇಕಿದ್ದದ್ದು ಮೂರೇ ದಿನ. ಬುಧವಾರ ಸಂಜೆಗೇ ಅದು ತಿಳಿದುಹೋಗಿತ್ತು. ಗುರುವಾರ ಬೆಳಗ್ಗೆ ಆ ಮೂವತ್ತಾರು ಚೀಲ ತೆಗೆಸಿ ಚಾಪೆ ಹಾಸಿಡಲು ಅರ್ಧ ಗಂಟೆ ಸಾಕಿತ್ತು. ನಾನು ಹಾಸಲಿಲ್ಲ.